ಹೊಗೆಯ ತೆರಿಗೆ ಯಾರ ತಲೆ ಮೇಲೆ?

(ಮೂಡಲಗಿಯಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ರೈತರ ಮುಂದೆ ಮಾಡಿದ ಭಾಷಣ)



2025ರ ನವೆಂಬರದಾಗ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ಟನ್ನಿಗೆ 3,500 ರೂಪಾಯಿ ಕೇಳಿ ಕುಂತಿದ್ದೆವು. ಆ ಲೆಕ್ಕ ನಮಗೆಲ್ಲ ಬಾಯಿಪಾಠ. ಆದರೆ ಕಲ್ಲಿದ್ದಲಿನ ಟನ್ನಿಗೆ ದಿಲ್ಲಿ ಸರಕಾರ ಎಷ್ಟು ತೆರಿಗೆ ಹಾಕಿತ್ತು, ಯಾರಾದರೂ ಹೇಳ್ರಿ ನೋಡೋಣ?

2010ರಲ್ಲಿ 50 ರೂಪಾಯಿ ಸೆಸ್ ಬಂತು. ಹೊಗೆ ಕಡಿಮೆಯಾಗಲಿ, ಆ ಹಣದಿಂದ ಸ್ವಚ್ಛ ವಿದ್ಯುತ್ ಬೆಳೆಯಲಿ ಅಂದರು. ಒಳ್ಳೆಯ ಮಾತೇ. 2016ಕ್ಕೆ ಅದು 400 ಆಯಿತು. 2017ರಲ್ಲಿ ಜಿಎಸ್‌ಟಿ ಬಂದಮೇಲೆ ಆ 400 ರೂಪಾಯಿ ರಾಜ್ಯ ಸರಕಾರಗಳ ವರಮಾನದ ನಷ್ಟ ತುಂಬಲಿಕ್ಕೆ ತಿರುಗಿತು. 2025ರ ಸೆಪ್ಟೆಂಬರಿನಲ್ಲಿ ಸೆಸ್ ತೆಗೆದು, ಕಲ್ಲಿದ್ದಲಿನ ಜಿಎಸ್‌ಟಿಯನ್ನು ಶೇಕಡಾ 5ರಿಂದ 18ಕ್ಕೆ ಏರಿಸಿದರು.

ನಾವೇನು ಕಲ್ಲಿದ್ದಲು ಕೊಳ್ತೀವಾ ಅನ್ನಬೇಡ್ರಿ. ರಾಯಚೂರಿನಲ್ಲಿ ಒಂದು ಯೂನಿಟ್ ಕರೆಂಟಿಗೆ ಅರ್ಧ ಕಿಲೋಕ್ಕಿಂತ ಹೆಚ್ಚು ಕಲ್ಲಿದ್ದಲು ಸುಡಬೇಕು. 400 ರೂಪಾಯಿ ಸೆಸ್ ಅಂದರೆ ಯೂನಿಟ್ಟಿಗೆ 20 ಪೈಸೆಗೂ ಮಿಕ್ಕಿ. ಹುಕ್ಕೇರಿಗೆ 1969ರಿಂದ ಸ್ವಂತ ವಿದ್ಯುತ್ ಸಹಕಾರಿ ಸಂಘ ಐತಿ, ಹೆಮ್ಮೆಯ ಸಂಗತಿ. ಅದೂ ಕರೆಂಟು ಕೊಂಡೇ ಹಂಚಬೇಕು.

10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ನಮಗೆ ಬಿಲ್ಲಿಲ್ಲ. ಹೊಲವೇ ಇಲ್ಲದವನಿಗೆ ಪಂಪ್‌ಸೆಟ್ ಎಲ್ಲಿಂದ ಬರಬೇಕು? 2023ರಲ್ಲಿ ಗೃಹಜ್ಯೋತಿ ಬಂದು ಮನೆಯ ದೀಪದ ಬಿಲ್ಲು ಇಳೀತು, ನಿಜ. ಆದರೆ ಜೋಳ ಬೀಸುವ ಗಿರಣಿಗೆ ಗೃಹಜ್ಯೋತಿ ಇಲ್ಲ. ಕರೆಂಟ್ ತುಟ್ಟಿಯಾದರೆ ಗಿರಣಿಯವನು ಬೀಸುವ ದರ ಏರಿಸ್ತಾನ; ಅದನ್ನು ಕೊಡುವವರು ನಮ್ಮ ಹೊಲಕ್ಕೆ ಬರುವ ಕೂಲಿಯವರೇ. ಡೀಸೆಲ್ ಹಾದಿಯೂ ಇದೇ. ರಾಜ್ಯ ಸರಕಾರ 2025ರ ಏಪ್ರಿಲದಾಗ ತೆರಿಗೆ ಏರಿಸಿ ಲೀಟರಿಗೆ 2 ರೂಪಾಯಿ ತುಟ್ಟಿ ಮಾಡಿತು. ಟ್ರ್ಯಾಕ್ಟರ್ ಬಾಡಿಗೆ ಏರಿದರೆ ನಾವು ಸೊಸೈಟಿಯಲ್ಲಿ ಸಾಲ ಎತ್ತುತ್ತೇವೆ. ಕೂಲಿಯವನಿಗೆ ಆ ಸಾಲವೂ ಹುಟ್ಟೂದಿಲ್ಲ.

ಗ್ಯಾಸಿನ ಕತೆ ನೋಡ್ರಿ. ಉಜ್ವಲಾದವರಿಗೆ 2023ರ ಅಕ್ಟೋಬರಿನಲ್ಲಿ ಸಬ್ಸಿಡಿ 300 ರೂಪಾಯಿ ಆಯಿತು. ಆದರೆ ಮೊದಲು ಪೂರ್ತಿ ರೊಕ್ಕ ಎಣಿಸಬೇಕು, ಆಮೇಲೆ ಬ್ಯಾಂಕಿಗೆ ಜಮಾ. ಅಷ್ಟು ರೊಕ್ಕ ಒಮ್ಮೆಗೇ ಇಲ್ಲದಾಕೆ ಮತ್ತೆ ಹತ್ತಿಕಟ್ಟಿಗೆ, ರವದಿ ಒಲೆಗೆ ಇಡ್ತಾಳ. ಹೊಗೆ ಕಡಿಮೆ ಆಯಿತೇನು?

ಕೆನಡಾ ದೇಶದ ಹಲವು ಪ್ರಾಂತಗಳಲ್ಲಿ 2019ರಿಂದ ಇಂಧನಕ್ಕೆ ಇಂಗಾಲದ ತೆರಿಗೆ ಹಾಕಿ, ಬಹುಪಾಲು ಹಣವನ್ನು ಮನೆಮನೆಗೆ ತಿರುಗಿ ಕೊಟ್ಟರು. ಹಳ್ಳಿಯವರಿಗೆ ಸ್ವಲ್ಪ ಹೆಚ್ಚು. ರೈತರ ಟ್ರ್ಯಾಕ್ಟರ್ ಡೀಸೆಲಿಗೆ ವಿನಾಯಿತಿ. ಹಣ ತಿರುಗಿ ಬಂದದ್ದು ಎಷ್ಟೋ ಜನಕ್ಕೆ ಗೊತ್ತೇ ಆಗಲಿಲ್ಲ. ತೆರಿಗೆ ಮಾತ್ರ ಕಣ್ಣಿಗೆ ಕಂಡಿತು; 2025ರ ಏಪ್ರಿಲದಾಗ ರದ್ದಾಯಿತು.

ಅದಕ್ಕೇ ನಮ್ಮ ಬೇಡಿಕೆ ಇಷ್ಟು. ಹೊಗೆಯ ಹೆಸರಿನಲ್ಲಿ ತೆರಿಗೆ ಹಾಕುವ ಕಾನೂನಿನಲ್ಲೇ ಬಡ ಮನೆಯ ಪಾಲು ಬರೆದಿರಬೇಕು. ಸಿಲಿಂಡರ್ ಕೊಡುವಾಗಲೇ ಬೆಲೆ ಇಳಿಸಿ ಕೊಡಬೇಕು. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಠರಾವು ಮಾಡಿಸ್ರಿ. ಬರುವಾಗ ಕೂಲಿ ಮಾಡುವ ಹೆಣ್ಣುಮಕ್ಕಳನ್ನೂ ಕರಕೊಂಡು ಬರ್ರಿ.