ಮಾಳಿಗೆ ಇಳಿಸುವ ಮುನ್ನ

(ಶತಮಾನೋತ್ಸವದ ನಿಮಿತ್ತ ಏರ್ಪಟ್ಟ ಕುಟುಂಬ ಸಮಾವೇಶದಲ್ಲಿ ಮಾಡಿದ ಭಾಷಣ)



ನೂರು ವರ್ಷಗಳ ಈ ಸಂಭ್ರಮದಲ್ಲಿ ಮನೆಯ ಮಾಳಿಗೆಯ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಕಲಬುರಗಿ ನಗರದಲ್ಲಿ ನೆಲೆಸಿರುವ ನಮ್ಮಂಥ ಅನೇಕ ಕುಟುಂಬಗಳಿಗೆ ಊರಿನಲ್ಲೊಂದು ಹಳೆಯ ಮನೆಯಿದೆ. ಅದರ ಮೇಲೆ ಮಣ್ಣಿನ ಮಾಳಿಗೆಯಿದೆ. ಆ ಮಾಳಿಗೆಯ ಕೆಳಗೆ ವಯಸ್ಸಾದ ತಂದೆತಾಯಿಗಳಿದ್ದಾರೆ. ಮಳೆಗಾಲ ಮುಗಿದೊಡನೆ, ಬರುವ ವರ್ಷ ಇದನ್ನು ಕಿತ್ತು ಕಾಂಕ್ರೀಟು ಹಾಕಿಸಿಬಿಡೋಣ ಎಂಬ ಮಾತು ಎಲ್ಲರ ಮನೆಗಳಲ್ಲಿಯೂ ಏಳುತ್ತದೆ. ನಮ್ಮ ಮನೆಯಲ್ಲಿಯೂ ಎದ್ದಿತು. ಅಲ್ಲಿ ನಡೆದುದನ್ನೇ ತಮ್ಮ ಮುಂದಿಡಲು ಬಯಸುತ್ತೇವೆ.

ನಮ್ಮ ಮನೆ ಕಮಲಾಪುರದ್ದು. ಹುಮನಾಬಾದಿನ ರಸ್ತೆಯಲ್ಲಿ ಹೋಗುವವರು ಕೆಂಪು ಬಾಳೆಯ ಗೊನೆಗಳನ್ನು ಕಂಡು ವಾಹನ ನಿಲ್ಲಿಸುವ ಆ ಊರನ್ನು ತಮಗೆ ಪರಿಚಯಿಸಬೇಕಾಗಿಲ್ಲ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಕರಿಕಲ್ಲಿನ ದಪ್ಪ ಗೋಡೆ, ಒಳಗೆ ಸಾಲುಗಂಬ, ಕಂಬದ ಮೇಲೆ ಬೋದಿಗೆ, ತೊಲೆ, ಜಂತಿ, ಅದರ ಮೇಲೆ ಚಿಲಿಕೆ ಹಾಸಿ ಹೊದಿಸಿದ ಮಣ್ಣು. ಬಿಸಿಲು ನಲವತ್ತೆರಡು ಡಿಗ್ರಿ ದಾಟಿದ ವೈಶಾಖದಲ್ಲಿಯೂ ಒಳಗೆ ತಂಪು. ಮಳೆಗೆ ಮುನ್ನ ಪ್ರತಿ ವರ್ಷವೂ ಮೇಲ್ಮುದ್ದೆಗೆ ಸವಳು ಮಣ್ಣು ಹಾಕಿ ಮೆತ್ತುವುದು ತಂದೆಯವರ ವ್ರತವಾಗಿತ್ತು. ಹಾಕುತ್ತ ಬಂದರೇ ಹೊರತು ಹಳೆಯದನ್ನು ತೆಗೆದುದನ್ನು ನಾವು ಕಾಣೆವು.

ಒಂದು ಸೆಪ್ಟೆಂಬರಿನ ರಾತ್ರಿ, ತಾಯಿಯವರು ಮಲಗಿದ್ದ ಒಳಕೋಣೆಯಲ್ಲಿ ಬುಟ್ಟಿಯಷ್ಟು ಹಸಿಮಣ್ಣು ಅವರ ಹಾಸಿಗೆಯಿಂದ ಮೊಳದಷ್ಟು ದೂರದಲ್ಲಿ ಕುಸಿದುಬಿದ್ದಿತು. ಅವರು ದೀಪ ಹಚ್ಚಿ, ಮಣ್ಣನ್ನು ಗುಡಿಸಿ, ಹಾಸಿಗೆಯನ್ನು ಇನ್ನೊಂದು ಮೂಲೆಗೆ ಎಳೆದುಕೊಂಡು ಮಲಗಿದರಂತೆ. ನಮಗೆ ತಿಳಿದದ್ದು ಮೂರು ದಿನಗಳ ತರುವಾಯ. ಅಂದೇ ನಾವು ನಗರದ ಗುತ್ತಿಗೆದಾರರೊಬ್ಬರಿಂದ ಕಾಂಕ್ರೀಟಿನ ಅಂದಾಜು ಬರೆಯಿಸಿದೆವು. ಚೌಕಗಳ ಲೆಕ್ಕ, ಸಿಮೆಂಟಿನ ಲೆಕ್ಕ, ಕಬ್ಬಿಣದ ಲೆಕ್ಕ ಎಲ್ಲವೂ ಅದರಲ್ಲಿತ್ತು. ಗೋಡೆಯ ಹೆಸರೇ ಇರಲಿಲ್ಲ. ನಾವೂ ಕೇಳಲಿಲ್ಲ.

ಕೇಳಿದವರು ಕಮಲಾಪುರದ ಒಬ್ಬ ವೃದ್ಧ ಗೌಂಡಿ. ಕಂಬಗಳನ್ನು ತೆಗೆದು ವಿಶಾಲವಾದ ಪಡಸಾಲೆ ಮಾಡಬೇಕೆಂದು ನಾವು ಹೇಳಿದಾಗ, ಇಷ್ಟು ವರ್ಷ ಈ ಮಾಳಿಗೆಯನ್ನು ಹೊತ್ತವರು ಯಾರೆಂದು ಬಲ್ಲಿರಾ ಎಂದು ಆತ ನಮ್ಮನ್ನೇ ಕೇಳಿದ. ಗೋಡೆ ಎಂದೆವು. ಆತ ನಕ್ಕುಬಿಟ್ಟ. ಭಾರವೆಲ್ಲ ತೊಲೆಯಿಂದ ಬೋದಿಗೆಗೆ, ಬೋದಿಗೆಯಿಂದ ಕಂಬಕ್ಕೆ, ಕಂಬದಿಂದ ನೆಲಕ್ಕೆ ಇಳಿಯುತ್ತಿತ್ತು. ಗೋಡೆ ಬಹುಮಟ್ಟಿಗೆ ಮರೆಯಾಗಿ ನಿಂತಿತ್ತೇ ಹೊರತು ಹೊತ್ತಿರಲಿಲ್ಲ. ಕಂಬ ಕಿತ್ತು ಕಾಂಕ್ರೀಟನ್ನು ಗೋಡೆಯ ಮೇಲಿಟ್ಟರೆ, ಎಂದೂ ಹೊರೆ ಹೊರದವನ ತಲೆಯ ಮೇಲೆ ಮೂಟೆ ಇಟ್ಟಂತೆ.

ನಮ್ಮ ಕೋಟೆಯೊಳಗಣ ಜಾಮಿ ಮಸೀದಿಯನ್ನು ತಾವೆಲ್ಲ ಕಂಡಿದ್ದೀರಿ. 1367ರಲ್ಲಿ ಕಟ್ಟಿದ ಆ ಕಟ್ಟಡಕ್ಕೆ ಬಯಲಂಗಳವೇ ಇಲ್ಲ, ಇಡಿಯಾಗಿ ಛಾವಣಿ. ನೋಡುವವರೆಲ್ಲ ಗುಮ್ಮಟಗಳತ್ತ ಕತ್ತೆತ್ತುತ್ತಾರೆ. ಆದರೆ ಅಲ್ಲಿ ನೋಡಬೇಕಾದದ್ದು ಕೆಳಗಿನ ದಪ್ಪ ಕಂಬಗಳನ್ನು, ಕಮಾನುಗಳನ್ನು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯಲ್ಲಿ ಭೂಮಿ ನಡುಗಿದುದನ್ನು ನಮ್ಮ ಜಿಲ್ಲೆಯ ಹಿರಿಯರು ಮರೆತಿರಲಾರರು. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳ ಹಳ್ಳಿಗಳಲ್ಲಿ ಹತ್ತಿರಹತ್ತಿರ ಹತ್ತು ಸಾವಿರ ಮಂದಿ ಮಡಿದರು. ಅವರನ್ನು ಕೊಂದದ್ದು ಮಣ್ಣುಗಾರೆಯ ಕಲ್ಲುಗೋಡೆ ಮತ್ತು ಮೇಲಿನ ಮಣ್ಣಿನ ಹೊರೆ, ಅಂದರೆ ನಮ್ಮ ಮನೆಯಂಥವೇ ಮನೆಗಳು. 2021ರ ಅಕ್ಟೋಬರಿನಲ್ಲಿ ನಮ್ಮದೇ ಜಿಲ್ಲೆಯ ಗಡಿಕೇಶ್ವಾರದ ಸುತ್ತ ನೆಲ ಮತ್ತೆ ಮತ್ತೆ ಕಂಪಿಸಿದಾಗ ಜನರು ಮನೆಯೊಳಗೆ ಮಲಗಲು ಅಂಜಿದರು. ಆ ಅಂಜಿಕೆಯಲ್ಲಿ ಅರ್ಥವಿತ್ತು.

ಗೌಂಡಿಯ ಮಾತಿನಂತೆ ತೊಲೆಯ ತುದಿ ಗೋಡೆಯೊಳಗೆ ಸೇರುವಲ್ಲಿ ಗಿಲಾವು ಕೆತ್ತಿ ನೋಡಿದೆವು. ಹೊರಗೆ ಕಬ್ಬಿಣದಂತಿದ್ದ ತೊಲೆ ಒಳಗೆ ಗೆದ್ದಲು ತಿಂದು ಹುಡಿಯಾಗಿತ್ತು. ಉತ್ತರದ ಗೋಡೆಗೆ ದಾರ ಹಿಡಿದಾಗ ನಡುವೆ ಹೊಟ್ಟೆ ಬಂದಿದ್ದುದು ಕಂಡಿತು. ಇಂತಹ ಗೋಡೆ ವಾಸ್ತವವಾಗಿ ಒಂದಲ್ಲ, ಎರಡು. ಒಳಮೈ ಒಂದು, ಹೊರಮೈ ಒಂದು, ನಡುವೆ ಚೂರುಗಲ್ಲು ಮತ್ತು ಮಣ್ಣು. ಎರಡನ್ನೂ ಬಿಗಿಯುವ ಅಡ್ಡಗಲ್ಲುಗಳಿಲ್ಲದಿದ್ದರೆ ಅವು ಕಾಲಕ್ರಮದಲ್ಲಿ ಅಗಲುತ್ತವೆ. ನಮ್ಮಲ್ಲಿ ಅಗಲಿದ್ದವು. ಕಾರಣ ಹುಡುಕಿದರೆ ಸಿಕ್ಕಿದ್ದು ಬಚ್ಚಲ ನೀರು. ಮೋರಿ ಒಡೆದು, ವರ್ಷಗಟ್ಟಲೆ ನೀರು ತಳಪಾಯಕ್ಕೆ ಇಂಗುತ್ತಿತ್ತು. ನಮ್ಮದು ಎರೆಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರ ಮೇಲಿನ ಗೋಡೆ ಹೇಗೆ ನೆಟ್ಟಗಿದ್ದೀತು?

ಹೀಗೆ, ಮಾಳಿಗೆಗೆಂದು ಕೂಡಿಟ್ಟ ಹಣದಲ್ಲಿ ಅರ್ಧದಷ್ಟು ಮೊದಲ ವರ್ಷ ಮೋರಿಗೆ ಮತ್ತು ಗೋಡೆಗೆ ಹೋಯಿತು. ನಮಗೆ ಸಿಟ್ಟು ಬಂದಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಬಚ್ಚಲ ನೀರನ್ನು ದೂರ ಸಾಗಿಸಿದೆವು. ಹೊಟ್ಟೆ ಬಂದ ಭಾಗವನ್ನು ಬಿಚ್ಚಿ ಅಡ್ಡಗಲ್ಲು ಕೊಟ್ಟು ಕಟ್ಟಿಸಿದೆವು. ಉಳಿದ ಸಂದುಗಳಿಗೆ ಸುಣ್ಣದ ಗಾರೆ ತುಂಬಿಸಿದೆವು. ಗೋಡೆಯ ನೆತ್ತಿಯ ಸುತ್ತ ಕಬ್ಬಿಣ ಕೂಡಿದ ಕಾಂಕ್ರೀಟಿನ ಪಟ್ಟಿ ಕಟ್ಟಿದ್ದು ಮರುವರ್ಷ, ಮಾಳಿಗೆ ಇಳಿಸಿದ ಮೇಲೆ. ಪಕ್ಕದ ಮನೆಯವರ ಎರಡು ತೊಲೆಗಳು ನಮ್ಮ ಗೋಡೆಯಲ್ಲಿಯೇ ಕುಳಿತಿದ್ದವು. ಅವರೊಡನೆ ಮೊದಲೇ ಕುಳಿತು ಮಾತನಾಡದಿದ್ದರೆ ನ್ಯಾಯಾಲಯದ ಮೆಟ್ಟಿಲೇರಬೇಕಾಗುತ್ತಿತ್ತೋ ಏನೋ.

ಮಣ್ಣಿನ ಲೆಕ್ಕವನ್ನು ನಾವು ಮಾಡಿರಲೇ ಇಲ್ಲ. ಒಳಕೋಣೆ 20 ಅಡಿ ಉದ್ದ, 12 ಅಡಿ ಅಗಲ. ಮೇಲಿನ ಮಣ್ಣು ಒಂದೂವರೆ ಅಡಿ. ಅಂದರೆ 360 ಘನ ಅಡಿ, ಏನಿಲ್ಲವೆಂದರೂ 16 ಟನ್ನು. ಅದೇ ಅಳತೆಗೆ ಐದಂಗುಲದ ಕಾಂಕ್ರೀಟು ಸುಮಾರು 7 ಟನ್ನು. ತಾಯಿಯವರು ಯಾವುದರ ಕೆಳಗೆ ಮಲಗಿದ್ದರೆಂದು ಆಗ ನಮಗೆ ಹೊಳೆಯಿತು. ತೊಲೆಗಳಿಗೆ ಕೆಳಗಿನಿಂದ ಆಸರೆ ಕೊಟ್ಟು, ಮಣ್ಣನ್ನು ಎಲ್ಲ ಕಡೆಯಿಂದಲೂ ಪದರಪದರವಾಗಿ ಸಮನಾಗಿ ಇಳಿಸಬೇಕು. ಒಂದು ಕಡೆ ಬರಿದುಮಾಡಿ ಇನ್ನೊಂದು ಕಡೆ ಗುಡ್ಡೆ ಹಾಕಿದರೆ ಮುಪ್ಪಾದ ತೊಲೆ ತಡೆಯದು. ಟ್ರ್ಯಾಕ್ಟರು ಎಷ್ಟು ಸಲ ಬಂದಿತೋ! ಆ ಬಾಡಿಗೆ ಯಾವ ಅಂದಾಜಿನಲ್ಲಿಯೂ ಇರಲಿಲ್ಲ.

ತಗಡು ಹಗುರವಲ್ಲವೇ ಎಂದು ಕೇಳುವವರಿದ್ದಾರೆ. ಹಗುರವೇ. ಆದರೆ ಮುಂಗಾರಿನ ಮೊದಲ ಬಿರುಗಾಳಿಗೆ ಅದು ಹಾರದಂತೆ ಗೋಡೆಗೆ ಬಿಗಿಯಬೇಕು, ಮತ್ತು ಬೇಸಗೆಯ ಮಧ್ಯಾಹ್ನ ಅದರ ಕೆಳಗೆ ಕುಳಿತು ನೋಡಬೇಕು.

ಕಾಲದ ವಿಷಯ ಒಂದು ಮಾತು. ದೀಪಾವಳಿ ಕಳೆದ ಮೇಲೆ ಮಾಳಿಗೆ ಇಳಿಸಿ ಶಿವರಾತ್ರಿಯೊಳಗೆ ಮುಗಿಸುವುದು ಲೇಸು. ಬಿಸಿ ಒಣಹವೆಯಲ್ಲಿ ಕಾಂಕ್ರೀಟಿಗೆ ಕನಿಷ್ಠ 10 ದಿನ ನೀರು ನಿಲ್ಲಿಸಬೇಕು. ಏಪ್ರಿಲ್ ತಿಂಗಳಲ್ಲಿ ನಮ್ಮ ಕಡೆ ಕುಡಿಯಲು ನೀರು ಸಿಕ್ಕರೆ ಪುಣ್ಯ. ಇನ್ನು, ಕೈಯಲ್ಲಿ ಪೂರ್ಣ ಹಣವಿಲ್ಲದೆ ಹಳೆಯ ಮಾಳಿಗೆಗೆ ಗುದ್ದಲಿ ಹಾಕಬೇಡಿರಿ. ಅರ್ಧಕ್ಕೆ ನಿಂತ ಮನೆಗಳು, ಬಯಲಿಗೆ ಬಿದ್ದ ಗೋಡೆಗಳು ನಮ್ಮೂರಿನಲ್ಲಿಯೇ ಇವೆ.

ಕೊನೆಗೆ ನಾವು ಒಳಕೋಣೆಗೂ ಅಡುಗೆಮನೆಗೂ ಮಾತ್ರ ಕಾಂಕ್ರೀಟು ಹಾಕಿಸಿದೆವು, ಅದೂ ಹೊಸ ಕಂಬಗಳ ಮೇಲೆ. ಪಡಸಾಲೆಯ ತೊಲೆಗಳು ಗಟ್ಟಿಯಾಗಿದ್ದುದರಿಂದ ಅಲ್ಲಿ ಮಣ್ಣನ್ನು ಅರ್ಧ ಅಡಿಗೆ ಇಳಿಸಿ, ಹಳೆಯ ಕಂಬಗಳನ್ನು ಹಾಗೆಯೇ ಉಳಿಸಿಕೊಂಡೆವು. ತಾಯಿಯವರು ಈಗ ಬೇಸಗೆಯಲ್ಲಿ ಹಗಲು ಪಡಸಾಲೆಯಲ್ಲಿ, ಮಳೆಗಾಲದಲ್ಲಿ ರಾತ್ರಿ ಒಳಕೋಣೆಯಲ್ಲಿ ಮಲಗುತ್ತಾರೆ. ಹೊಸ ಕೋಣೆ ಬಿಸಿಯೆಂದು ಅವರ ದೂರು ಮಾತ್ರ ಇನ್ನೂ ನಿಂತಿಲ್ಲ.