ಖಂಡಗಳ ಹುಟ್ಟು: ಕೆಲವು ವಿಚಿತ್ರ ವಾದಗಳು

ಭೂಪಟದಲ್ಲಿ ಖಂಡಗಳು ಅಚಲವಾಗಿ ನಿಂತಂತೆ ಕಾಣುವುವು. ಅವು ಹೇಗೆ ಆದುವೆಂಬ ಪ್ರಶ್ನೆಗೆ ಪಂಡಿತರು ಕೊಟ್ಟ ಉತ್ತರಗಳಲ್ಲಿ ಕೆಲವು ಪುರಾಣದ ಕಥೆಗಳಿಗಿಂತಲೂ ವಿಚಿತ್ರವಾಗಿವೆ. ಅವನ್ನು ಕೇಳಿ ನಗುವುದು ಸುಲಭ. ಯಾವುದಕ್ಕೆ ನಗಬೇಕೆಂದು ಅರಿಯುವುದು ಕಷ್ಟ.

ಮಡಗಾಸ್ಕರಿನ ಲೀಮರುಗಳಿಗೆ ನಮ್ಮ ಕಾಡುಪಾಪ ದೂರದ ದಾಯಾದಿ. ನಡುವೆ ಸಾಗರವಿರಲು ಈ ಬಂಧುಗಳು ಎರಡು ದಡಗಳಲ್ಲಿ ನೆಲಸಿದುದು ಹೇಗೆ? ಮುಳುಗಿಹೋದ ಖಂಡವೊಂದಿದ್ದಿರಬೇಕೆಂದು 1864ರಲ್ಲಿ ಆಂಗ್ಲ ಪ್ರಾಣಿಶಾಸ್ತ್ರಜ್ಞ ಫಿಲಿಪ್ ಸ್ಕ್ಲೇಟರರು ಊಹಿಸಿ, ಅದಕ್ಕೆ ಲೆಮೂರಿಯವೆಂದು ಹೆಸರಿಟ್ಟರು. 1879ರಲ್ಲಿ ಜಾರ್ಜ್ ಡಾರ್ವಿನ್ನರು ಚಂದ್ರನು ಭೂಮಿಯಿಂದಲೇ ಸಿಡಿದು ಹೋದವನೆಂದರು. ಆ ಗಾಯದ ಕುಳಿಯೇ ಶಾಂತಸಾಗರ, ಉಳಿದ ತೊಗಟೆಯ ಚೂರುಗಳೇ ಖಂಡಗಳು ಎಂದು 1882ರಲ್ಲಿ ಆಸ್ಮಂಡ್ ಫಿಷರರು ವಾದಿಸಿದರು.

1912ರಲ್ಲಿ ಜರ್ಮನಿಯ ಹವಾಶಾಸ್ತ್ರಜ್ಞ ಆಲ್ಫ್ರೆಡ್ ವೇಗೆನರರು, ಖಂಡಗಳು ಒಂದಾಗಿದ್ದು ಬಳಿಕ ಸರಿದುಹೋದುವೆಂದು ಸಾರಿದರು. ಸಣ್ಣ ಸರೀಸೃಪವಾದ ಮೆಸೊಸಾರಸಿನ ಅವಶೇಷಗಳು ಬ್ರೆಜಿಲಿನಲ್ಲಿಯೂ ದಕ್ಷಿಣ ಆಫ್ರಿಕದಲ್ಲಿಯೂ ದೊರೆತಿದ್ದುವು. ಅದು ಅಟ್ಲಾಂಟಿಕವನ್ನು ಈಜಿತೆನ್ನಲಾಗದು. ಆದರೆ ಖಂಡಗಳನ್ನು ನೂಕಿದ ಬಲ ಯಾವುದು? ಭೂಮಿಯ ಭ್ರಮಣವೂ ಚಂದ್ರಸೂರ್ಯರ ಸೆಳೆತವೂ ಎಂದು ಅವರು ಹೇಳಿದರು. ಆ ಬಲಗಳು ಏನೇನೂ ಸಾಲವೆಂದು ಹೆರಾಲ್ಡ್ ಜೆಫ್ರೀಸರು ಗಣಿತದಿಂದ ತೋರಿಸಿದರು. ಜೆಫ್ರೀಸರ ಗಣಿತ ಸರಿಯಾಗಿಯೇ ಇದ್ದಿತು. 1930ರಲ್ಲಿ ವೇಗೆನರರು ಗ್ರೀನ್‌ಲೆಂಡಿನ ಹಿಮದಲ್ಲಿ ಮಡಿದಾಗ ಅವರ ವಾದಕ್ಕೆ ಮನ್ನಣೆ ಬಂದಿರಲಿಲ್ಲ.

ತೀರ್ಪು ಬಂದುದು ಸಾಗರದ ತಳದಿಂದ. ಅಲ್ಲಿಯ ಶಿಲೆಗಳ ಅಯಸ್ಕಾಂತ ಪಟ್ಟೆಗಳು ನಡುಸಾಗರದ ಏಣುಗಳಲ್ಲಿ ಹೊಸ ನೆಲ ಹುಟ್ಟಿ ಇಕ್ಕೆಲಕ್ಕೂ ಸರಿಯುವುದನ್ನು ಸೂಚಿಸುವುವೆಂದು 1963ರಲ್ಲಿ ವೈನ್ ಮತ್ತು ಮ್ಯಾಥ್ಯೂಸರು ವಿವರಿಸಿದರು. ಶಾಂತಸಾಗರದ ತಳಕ್ಕೆ 20 ಕೋಟಿ ವರ್ಷಗಳಿಗೆ ಹೆಚ್ಚು ವಯಸ್ಸಿಲ್ಲ. ಚಂದ್ರನಿಗೆ ಸುಮಾರು 450 ಕೋಟಿ. ಫಿಷರರ ಗಾಯ ಅಲ್ಲಿಗೆ ಮಾಯಿತು. ಲೆಮೂರಿಯವೂ ಬೇಡವಾಯಿತು: ಮುಳುಗಿದ ಸೇತುವೆಯಿಲ್ಲ, ದಡಗಳೇ ಅಗಲಿದುವು. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳ ಕಲ್ಲುಕಂಬಗಳು, ಮಡಗಾಸ್ಕರವು ನಮ್ಮಿಂದ ಬೇರ್ಪಟ್ಟ ಕಾಲದಲ್ಲಿ, ಸುಮಾರು 9 ಕೋಟಿ ವರ್ಷಗಳ ಹಿಂದೆ, ಉಕ್ಕಿದ ಶಿಲಾರಸ ಆರಿ ಆದುವು. ಲೀಮರುಗಳ ಪೂರ್ವಜರಾದರೋ ಬಹುಕಾಲದ ಮೇಲೆ ಆಫ್ರಿಕದಿಂದ ತೇಲಿಬಂದಿರಬೇಕೆಂಬುದು ಇಂದಿನ ಅಭಿಪ್ರಾಯ. ಸ್ಕ್ಲೇಟರರ ಪ್ರಶ್ನೆ ಒಳ್ಳೆಯದು, ಉತ್ತರ ನಿಲ್ಲಲಿಲ್ಲ.

ಈಗ ಯಾವ ಹೊಸ ವಾದಿಯನ್ನು ನಾವು ಪ್ರಶ್ನಿಸಿದರೂ, ‘ವೇಗೆನರರನ್ನೂ ಹಳಿಯಲಿಲ್ಲವೆ?’ ಎಂದು ಮರುನುಡಿಯುವುದುಂಟು. ಹಳಿದರು, ದಿಟ, ಫಿಷರರ ವಾದವನ್ನೂ ತಳ್ಳಿಹಾಕಿದರು. ತಿರಸ್ಕಾರವು ಸತ್ಯದ ಗುರುತೂ ಅಲ್ಲ, ಸುಳ್ಳಿನ ಗುರುತೂ ಅಲ್ಲ. ವಾದವನ್ನು ಹೂಡಿದವನು, ತನ್ನನ್ನು ಸೋಲಿಸಬಲ್ಲ ಸಾಕ್ಷಿ ಯಾವುದೆಂದು ಹೇಳಬಲ್ಲನೆ? ನಾವು ಕೇಳಬೇಕಾದುದು ಇಷ್ಟೆ.