‘ಆ ಮಿಷನ್ ನಡೆಸೋಕೆ ಏನು ಓದ್ಬೇಕಿತ್ತಣ್ಣ?’

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)

ಎಸ್ಸೆಸ್ಸೆಲ್ಸಿ ಮುಗಿಸಿ ಈ ಶಾಲೆಯ ಗೇಟು ದಾಟುವಾಗ ನಮಗೆ ಎರಡೇ ದಾರಿ ಕಾಣುತ್ತಿದ್ದವು. ಒಳ್ಳೆ ಅಂಕ ಬಂದವರಿಗೆ ಪಿಯುಸಿ ಸೈನ್ಸ್, ಉಳಿದವರಿಗೆ ‘ಏನಾದರೂ ಒಂದು’. ನಾನು ಮೊದಲನೆಯದನ್ನು ಹಿಡಿದು, ಬಿ.ಇ. ಮಾಡಿ ಬೆಂಗಳೂರು ಸೇರಿದೆ. ಆ ‘ಏನಾದರೂ ಒಂದು’ ಏನಾಯಿತೆಂದು ತಿರುಗಿ ನೋಡಲಿಲ್ಲ.

ಕೆಲವು ವರ್ಷಗಳ ಹಿಂದೆ ಸಾಫ್ಟ್‌ವೇರ್ ಅಳವಡಿಸಲು ನಂಜನಗೂಡು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ ಹೋಗಿದ್ದೆ. ಮಿಷನ್ ಮುಂದೆ ಇದ್ದ ಹುಡುಗರು ದೂರದ ಊರುಗಳಿಂದ ಬಂದವರು. ಹೊರಗೆ ಲೋಡಿಂಗ್ ಜಾಗದಲ್ಲಿ ಒಬ್ಬ ನನ್ನ ಗುರುತು ಹಿಡಿದ. ಇದೇ ಶಾಲೆಯಲ್ಲಿ ನನಗಿಂತ ಎರಡು ವರ್ಷ ಚಿಕ್ಕವನು. ಗುತ್ತಿಗೆ ಕೆಲಸದಲ್ಲಿ ಬಾಕ್ಸ್ ಹೊರುತ್ತಿದ್ದ. ‘ಆ ಮಿಷನ್ ನಡೆಸೋಕೆ ಏನು ಓದ್ಬೇಕಿತ್ತಣ್ಣ?’ ಎಂದು ಕೇಳಿದ. ಇಂಜಿನಿಯರ್ ಆದ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಹೊರಗಿನಿಂದ ಬಂದವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕಲಿತು ಬಂದಿದ್ದರು. ನಮ್ಮವನಿಗೆ ಹೇಳುವವರು ಇರಲಿಲ್ಲ, ಅಷ್ಟೆ.

ಆಮೇಲೆ ವಿಚಾರಿಸಿ ತಿಳಿದದ್ದನ್ನು ಹೇಳುತ್ತೇನೆ. ನಮ್ಮ ಸುತ್ತ ಏನಿಲ್ಲ ಹೇಳಿ? ನಂಜನಗೂಡಿನಲ್ಲಿ ನೆಸ್ಲೆಯ ಕಾಫಿ ಕಾರ್ಖಾನೆ, ಎಟಿ ಅಂಡ್ ಎಸ್‌ನ ಸರ್ಕ್ಯೂಟ್ ಬೋರ್ಡ್ ಕಾರ್ಖಾನೆ, ಔಷಧ ಕಾರ್ಖಾನೆ, ಅಳಗಂಚಿಯಲ್ಲಿ ಸಕ್ಕರೆ ಕಾರ್ಖಾನೆ. ತಿ. ನರಸೀಪುರದಲ್ಲಿ ಕೆಎಸ್‌ಐಸಿಯ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ. ಇಂಥ ಕಡೆಗಳಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಬೇಕು. ಬಾಯ್ಲರ್ ಇರುವಲ್ಲಿ ಅದನ್ನು ಬಲ್ಲವರು ಬೇಕು. ಸರ್ಕ್ಯೂಟ್ ಬೋರ್ಡಿಗೆ ಎಲೆಕ್ಟ್ರಾನಿಕ್ಸ್, ಔಷಧಕ್ಕೆ ಕೆಮಿಸ್ಟ್ರಿ ಓದಿದವರು ಬೇಕು. ಹೆಣ್ಣುಮಕ್ಕಳಿಗೂ ಇಲ್ಲಿ ಜಾಗವಿದೆ.

ಐಟಿಐ ಎಂದರೆ ಓದು ಅಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡಿ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಆದವರು ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ಹೋಗಬಹುದು. ನಾನು ತಲುಪಿದ ಕಡೆಗೇ ಅದೂ ಒಂದು ದಾರಿ. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯ ಸರ್ಕಾರ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿದೆ. ಇನ್ನೊಂದು ವಿಷಯ. 1961ರ ಅಪ್ರೆಂಟಿಸ್ ಕಾಯ್ದೆಯ ನಿಯಮದಂತೆ 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು, ಸ್ಟೈಪೆಂಡ್ ಕೊಡಬೇಕು. ಹಾಗಾಗಿ ಕಾರ್ಖಾನೆಯ ಬಾಗಿಲಲ್ಲಿ ನಾವು ಬೇಡುವುದೇನಿಲ್ಲ, ಕೇಳುವುದಿದೆ.

ಹಳೆಯ ವಿದ್ಯಾರ್ಥಿಗಳು ಕಟ್ಟಡಕ್ಕೆ ಬಣ್ಣ ಹೊಡೆಸಿದ್ದೇವೆ, ಸಂತೋಷ. ಇನ್ನು ಮೂರು ಕೆಲಸ ಮಾಡೋಣ. ಪ್ರತಿ ವರ್ಷ ಒಂಬತ್ತನೇ ತರಗತಿಯ ಮಕ್ಕಳನ್ನು ಒಂದು ಕಾರ್ಖಾನೆಗೂ ಒಂದು ಐಟಿಐಗೂ ಕರೆದುಕೊಂಡು ಹೋಗೋಣ. ಬಸ್ಸಿನ ಖರ್ಚು ನನ್ನದು. ಯಾವ ಕೆಲಸಕ್ಕೆ ಏನು ಓದಬೇಕೆಂದು ದೊಡ್ಡ ಅಕ್ಷರದಲ್ಲಿ ಶಾಲೆಯ ಗೋಡೆಯ ಮೇಲೆ ಬರೆಸೋಣ. ವರ್ಷಕ್ಕೊಮ್ಮೆಯಾದರೂ ಕಾರ್ಖಾನೆಯವರು, ಐಟಿಐ ಮೇಷ್ಟ್ರುಗಳು, ನಮ್ಮ ಮೇಷ್ಟ್ರುಗಳು ಇದೇ ಅಂಗಳದಲ್ಲಿ ಕೂತು, ಬರುವ ವರ್ಷ ಎಂಥ ಕೆಲಸಗಾರರು ಬೇಕು, ಅದಕ್ಕೆ ಏನು ಕಲಿಸಬೇಕು ಎಂದು ಮಾತಾಡಲಿ.

ತಂದೆತಾಯಿಗಳಲ್ಲಿ ಒಂದು ಮಾತು. ಮಗ ಐಟಿಐಗೆ ಹೋದನೆಂದು ತಲೆ ತಗ್ಗಿಸಬೇಡಿ. ಏನೂ ತಿಳಿಯದೆ ಹೋದರೆ ಮಾತ್ರ ಚಿಂತೆ ಮಾಡಿ.

ಆ ಹುಡುಗನಿಗೆ ಅಂದು ಉತ್ತರ ಕೊಡಲಾಗಲಿಲ್ಲ. ಅವನ ಮಗಳು ಈಗ ಇದೇ ಶಾಲೆಯಲ್ಲಿ ಎಂಟನೇ ತರಗತಿಯಲ್ಲಿದ್ದಾಳೆ. ಅವಳು ಕೇಳುವ ಹೊತ್ತಿಗೆ ಉತ್ತರ ಗೋಡೆಯ ಮೇಲಿರಲಿ.